ಜಾಲತಾಣ ಕಟ್ಟುವವರ ಬಿಡುವಿನ ದುಡಿಮೆ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ಈ ಸಲದ ವಾರ್ಷಿಕೋತ್ಸವದಲ್ಲಿ ಮಾತನಾಡಲು ನನಗೆ ಗೊತ್ತುಮಾಡಿದ ವಿಷಯವು ಜಾಲತಾಣಗಳನ್ನು ಕಟ್ಟುವ ವೃತ್ತಿ. ಎಂದರೆ, ‘ವೆಬ್ ಡೆವಲಪರ್’ ಎಂದು ಈಗ ಎಲ್ಲರ ಬಾಯಲ್ಲೂ ಕೇಳಿಬರುತ್ತಿರುವ ಉದ್ಯೋಗ. ಕೇಶಿರಾಜನ ಸೂತ್ರಗಳನ್ನು ಪಾಠ ಹೇಳಿ ಜೀವನ ಸಾಗಿಸುವ ಕನ್ನಡ ಪಂಡಿತನಿಗೂ ಈ ವಿಷಯಕ್ಕೂ ಎಲ್ಲಿಯ ನಂಟು ಎಂದು ತಾವು ಕೇಳಬಹುದು. ನಂಟು ಇದೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ಎಷ್ಟೋ ಮಕ್ಕಳು ಈಗ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ, ಕೊಚ್ಚಿಯಲ್ಲಿ ಇದೇ ಕೆಲಸದಲ್ಲಿದ್ದಾರೆ. ಅವರು ಮಾಡುವುದೇನೆಂಬುದು ಅವರ ತಂದೆತಾಯಿಗಳಿಗೇ ಸ್ಪಷ್ಟವಾಗಿ ತಿಳಿಯದು. ಆ ಕೆಲಸಕ್ಕೂ ನಮ್ಮ ನುಡಿಯ ಅಳಿವು ಉಳಿವುಗಳಿಗೂ ಇರುವ ಸಂಬಂಧವನ್ನು ನಮ್ಮ ಸಂಘವೂ ಇನ್ನೂ ಆಲೋಚಿಸಿದಂತಿಲ್ಲ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಆ ವೃತ್ತಿಯ ಸ್ವರೂಪವನ್ನು ನೋಡೋಣ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಯಕ್ಷಗಾನಕ್ಕೆ ರಂಗಸ್ಥಳವೊಂದು, ಚೌಕಿಯೊಂದು. ಪ್ರೇಕ್ಷಕರ ಕಣ್ಣಿಗೆ ಬೀಳುವುದು ರಂಗಸ್ಥಳ ಮಾತ್ರ. ಆದರೆ ಚೌಕಿಯಲ್ಲಿ ಅಣಿಯಾಗದ ವೇಷ ರಂಗಕ್ಕೆ ಬರಲಾರದು. ಜಾಲತಾಣವೂ ಹಾಗೆಯೇ. ನಮ್ಮ ಮೊಬೈಲಿನಲ್ಲಿ ಕಾಣುವ ಪುಟ ರಂಗಸ್ಥಳ. ಎಲ್ಲಿಯೋ ದೂರದಲ್ಲಿ ಹಗಲೂ ರಾತ್ರಿಯೂ ಎಚ್ಚರವಾಗಿದ್ದು, ಕೇಳಿದ ಮಾಹಿತಿಯನ್ನು ಹುಡುಕಿ ಕಳುಹಿಸುವ ‘ಸರ್ವರ್’ ಎಂಬ ಗಣಕಯಂತ್ರವು ಚೌಕಿ. ಪುಟದ ಅಂಗಾಂಗಗಳನ್ನು ಹೊಂದಿಸುವುದಕ್ಕೆ ಎಚ್‌ಟಿಎಂಎಲ್ ಎಂಬ ಬರವಣಿಗೆಯ ಕ್ರಮ, ಅದಕ್ಕೆ ಬಣ್ಣ ಒಡವೆಗಳನ್ನು ತೊಡಿಸುವುದಕ್ಕೆ ಸಿಎಸ್‌ಎಸ್, ಅದನ್ನು ಕುಣಿಸುವುದಕ್ಕೆ ಜಾವಾಸ್ಕ್ರಿಪ್ಟ್. ಈ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಬ್ರೆಂಡನ್ ಐಕ್ ಎಂಬವರು 1995ರಲ್ಲಿ ಸುಮಾರು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಅಂದು ಅವಸರದಲ್ಲಿ ಹುಟ್ಟಿದ ಆ ಭಾಷೆಯಿಂದಲೇ ಇಂದು ಜಗತ್ತಿನ ಜಾಲಪುಟಗಳೆಲ್ಲ ಕುಣಿಯುತ್ತಿವೆ.

ಈ ವೃತ್ತಿಯವರ ದಿನಚರಿಯನ್ನು ನಾನು ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಹಗಲೆಲ್ಲ ಹೊಸದನ್ನು ಕಟ್ಟುವುದಕ್ಕಿಂತ ಹಳೆಯದರ ಲೋಪವನ್ನು ಹುಡುಕುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತದಂತೆ. ಒಂದು ಚಿಹ್ನೆ ತಪ್ಪಿದರೆ ಪುಟವೇ ಏಳುವುದಿಲ್ಲ. ನಡುರಾತ್ರಿ ತಾಣ ನಿಂತುಹೋದರೆ ನಿದ್ದೆಯಿಂದ ಎದ್ದು ಕುಳಿತುಕೊಳ್ಳಬೇಕು. ಊರಿಗೆ ಬಂದರೆ ಬೇರೆಯೇ ಪಾಡು. ನೆಂಟರ ಮನೆಯ ಪ್ರಿಂಟರು, ದೊಡ್ಡಪ್ಪನ ಟೆಲಿವಿಷನ್ನು, ಸೊಸೈಟಿಯ ಗುಮಾಸ್ತರ ಮರೆತುಹೋದ ಗುಪ್ತಪದ, ಇವೆಲ್ಲವೂ ‘ಕಂಪ್ಯೂಟರಿನ ಹುಡುಗ’ನ ತಲೆಗೇ ಬರುತ್ತವೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು, “ನನ್ನಲ್ಲೊಂದು ಒಳ್ಳೆಯ ಆಲೋಚನೆಯಿದೆ, ನೀನು ಬರೆದುಕೊಟ್ಟರೆ ಸಾಕು, ಲಾಭದಲ್ಲಿ ಸಮಪಾಲು” ಎನ್ನುತ್ತಾರಂತೆ. ನಾಲ್ಕು ತಿಂಗಳ ದುಡಿಮೆ ಅವನದು, ನಾಲ್ಕು ಮಾತಿನ ಆಲೋಚನೆ ಇವರದು!

ಅವನು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ನಮ್ಮಲ್ಲಿ ಅನೇಕರಿಗೆ ಹೆಸರಿನ ಜೊತೆಗಿರುವುದು ಒಂದೇ ಇನಿಷಿಯಲ್. ಕೆಲವು ಅರ್ಜಿಗಳು ಮನೆತನದ ಹೆಸರನ್ನು ಕೇಳಿ, ಒಂದೇ ಅಕ್ಷರ ಬರೆದರೆ ತಿರಸ್ಕರಿಸುತ್ತವೆ. ಯಂತ್ರಕ್ಕೇಕೆ ಈ ಹಟ ಎಂದು ಕೇಳಿದೆ. “ಮಾಷ್ಟ್ರೇ, ಅದು ಯಂತ್ರದ ಹಟ ಅಲ್ಲ. ಎಲ್ಲ ಊರಿನವರ ಹೆಸರೂ ತನ್ನ ಊರಿನ ಹಾಗೆಯೇ ಇರುತ್ತದೆ ಅಂತ ತಿಳಿದುಕೊಂಡು ನನ್ನಂಥವನೊಬ್ಬ ಬರೆದ ಒಂದು ಸಾಲು” ಎಂದನು. ಗಡಿನಾಡಿನವರಾದ ನಾವು ಈ ಮಾತಿನ ತಾತ್ಪರ್ಯವನ್ನು ಚೆನ್ನಾಗಿ ಗ್ರಹಿಸಬೇಕು. ಯಾರು ಬರೆಯುತ್ತಾರೋ ಅವರ ಅರಿವಿನ ಎಲ್ಲೆಯೇ ಯಂತ್ರದ ಎಲ್ಲೆಯಾಗುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಹಗಲು ಪಾಠ ಹೇಳುವವರು, ತೋಟ ಮಾಡುವವರು, ಬ್ಯಾಂಕಿನ ಲೆಕ್ಕ ಬರೆಯುವವರು ಬಹಳ ಮಂದಿ. ಸಂಜೆಯ ನಂತರ ಅವರು ಕರ್ಣನಾಗಿಯೋ ವಾಲಿಯಾಗಿಯೋ ಮಾತನಾಡುತ್ತಾರೆ. ಅದು ಅವರ ಹೊಟ್ಟೆಪಾಡಲ್ಲ, ಆದರೆ ಅದಿಲ್ಲದೆ ನಮ್ಮ ನಾಡಿಗೆ ಆ ಕಲೆಯೇ ಇಲ್ಲ. ಜಾಲತಾಣ ಕಟ್ಟುವವರಲ್ಲಿಯೂ ಇಂತಹ ಹವ್ಯಾಸಿ ಪದ್ಧತಿಯೊಂದು ಬಲವಾಗಿದೆ. ಸಂಬಳದ ಕೆಲಸ ಮುಗಿದ ಮೇಲೆ, ಯಾರೂ ಹೇಳದಿದ್ದರೂ, ತಮಗೆ ಬೇಕೆನಿಸಿದ್ದನ್ನು ಕಟ್ಟಿ ಲೋಕಕ್ಕೆ ಬಿಟ್ಟುಕೊಡುತ್ತಾರೆ. ಲಿನಕ್ಸ್ ಎಂಬ ತಂತ್ರಾಂಶವನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಪ್ರಕಟಿಸಿದಾಗ ಅದನ್ನು ತನ್ನ ಹವ್ಯಾಸವೆಂದೇ ಕರೆದಿದ್ದನು. ಇಂದು ಆಂಡ್ರಾಯ್ಡ್ ಮೊಬೈಲುಗಳ ತಿರುಳಿನಲ್ಲಿರುವುದು ಅದೇ. ಜಾಲವನ್ನೇ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದು, 1989ರ ಮಾರ್ಚಿಯಲ್ಲಿ ತಮ್ಮ ಯೋಜನೆಯನ್ನು ಬರೆದುಕೊಟ್ಟರು. ಸರ್ನ್ ಸಂಸ್ಥೆಯು 1993ರ ಏಪ್ರಿಲ್ 30ರಂದು ಅದನ್ನು ಯಾವ ಕಾಣಿಕೆಯೂ ಇಲ್ಲದೆ ಸಮಸ್ತರಿಗೂ ಧಾರೆಯೆರೆಯಿತು.

ಕನ್ನಡಕ್ಕೆ ಬಂದರೆ ಈ ಧಾರೆಯ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ಸ್ವರವ್ಯಂಜನಗಳನ್ನು ಧ್ವನಿಗೆ ಅನುಗುಣವಾಗಿ ಜೋಡಿಸಿ, ಒತ್ತಕ್ಷರಕ್ಕೆ ‘ಎಫ್’ ಎಂಬ ಒಂದೇ ಕೀಲಿಯನ್ನಿಟ್ಟು, ವಿನ್ಯಾಸವೊಂದನ್ನು ರಚಿಸಿದರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ಛಂದಸ್ಸಿನ ಮಹಾ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಗೆ. ಅದನ್ನು ಅವರು ಹಣಕ್ಕೆ ಮಾರಲಿಲ್ಲ. ಕರ್ನಾಟಕ ಸರಕಾರವು ಒಪ್ಪಿದ ಕೀಲಿಮಣೆಗೆ ಆ ವಿನ್ಯಾಸವೇ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ ತಂತ್ರಾಂಶವನ್ನು ಬೆಲೆಯಿಲ್ಲದೆ ಹಂಚಿ, ಕಂಪ್ಯೂಟರಿನ ವಿದ್ಯೆ ಕಲಿಯದವರೂ ಕನ್ನಡ ಬರೆಯುವಂತೆ ಮಾಡಿದರು.

ನಿಘಂಟಿನ ಕಥೆಯನ್ನು ಗಡಿನಾಡಿನವರು ವಿಶೇಷವಾಗಿ ಕೇಳಬೇಕು. ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಬಾಸೆಲ್ ಮಿಶನ್ನಿನವರ ಕೈಯಿಂದ ಮಂಗಳೂರಿನಲ್ಲಿ ಪ್ರಕಟವಾದವು. ಅದೇ ಕ್ರಮದ ಇನ್ನೊಂದು ಜೋಡಿ ನಮ್ಮ ಕಾಲದಲ್ಲಿ ಕಾಣಿಸಿಕೊಂಡಿದೆ. ಜೆರೋಧಾ ಎಂಬ ಬೆಂಗಳೂರಿನ ಷೇರು ವ್ಯವಹಾರದ ಸಂಸ್ಥೆಯಲ್ಲಿ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರಾದ ಕೈಲಾಶ್ ನಾಥ್ ಅವರು ‘ಓಳಂ’ ಎಂಬ ಮಲೆಯಾಳ ನಿಘಂಟಿನ ತಾಣವನ್ನು 2010ರಲ್ಲಿ ಹವ್ಯಾಸವಾಗಿಯೇ ಆರಂಭಿಸಿದರು. ವಿ. ಕೃಷ್ಣ ಎಂಬವರು ಒಬ್ಬರೇ ಕುಳಿತು ದಶಕಗಳ ಕಾಲ ಕೂಡಿಸಿದ ಕನ್ನಡ–ಇಂಗ್ಲಿಷ್ ಶಬ್ದಸಂಪತ್ತನ್ನು ಕೈಲಾಶ್ ನಾಥ್ ಅವರೇ 2019ರಲ್ಲಿ ‘ಅಲರ್’ ಎಂಬ ಹೆಸರಿನ ತಾಣವಾಗಿ ಲೋಕಕ್ಕೆ ತೆರೆದಿಟ್ಟರು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥವಿವರಣೆಗಳು ಅಲ್ಲಿವೆ. ಪಂಡಿತನ ಜೀವಮಾನದ ತಪಸ್ಸೂ ಶಿಲ್ಪಿಯ ಬಿಡುವಿನ ಕೈಕೆಲಸವೂ ಕೂಡಿದಾಗ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಲೆಯಾಳಕ್ಕಾಗಿ ದುಡಿದ ಕೈಯೇ ಕನ್ನಡಕ್ಕೂ ದುಡಿಯಿತೆಂಬುದನ್ನು, ಎರಡು ನುಡಿಗಳ ನಡುವೆ ಬಾಳುವ ನಾವು ಸಂತೋಷದಿಂದ ನೆನೆಯೋಣ.

ಈಗ ತಂದೆತಾಯಿಗಳಿಗೆ ಒಂದು ಮಾತು. “ಕಂಪ್ಯೂಟರಿನ ಕೆಲಸಕ್ಕೆ ಕನ್ನಡ ಮಾಧ್ಯಮ ಅಡ್ಡಿ” ಎಂದು ಹೇಳಿ ಮಕ್ಕಳನ್ನು ನಮ್ಮ ಶಾಲೆಗಳಿಂದ ಬಿಡಿಸುವುದನ್ನು ನಾನು ವರ್ಷವೂ ಕಾಣುತ್ತಿದ್ದೇನೆ. ಆ ವೃತ್ತಿಯ ಗ್ರಂಥಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ನಿಜ; ಆದುದರಿಂದ ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಕನ್ನಡ ಕಲಿತದ್ದು ಅಲ್ಲಿ ವ್ಯರ್ಥವಾಗುವುದೆಂಬುದು ಸುಳ್ಳು. ಒಂದು ನಿದರ್ಶನ ಕೊಡುತ್ತೇನೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿರುವ ವ್ಯವಸ್ಥೆಗೆ ಯುನಿಕೋಡ್ ಎಂದು ಹೆಸರು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅಲ್ಲಿ ಸ್ಥಾನ ದೊರೆಯಿತು. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ ಅದು 3221, 3240, 3277, 3240, 3233 ಎಂಬ ಐದು ಸಂಖ್ಯೆ. ಇಲ್ಲಿ 3277 ಎಂಬುದು ವ್ಯಂಜನದೊಳಗಿನ ಅಕಾರವನ್ನು ತೆಗೆಯುವ ಚಿಹ್ನೆ. ‘ಸ್ತ್ರೀ’ ಎಂಬುದು ಒಂದೇ ಅಕ್ಷರವಾದರೂ ಆರು ಸಂಖ್ಯೆಗಳ ಕೂಟ. ಸಂಯುಕ್ತಾಕ್ಷರದ ವ್ಯಾಕರಣವನ್ನು ನಾಲ್ಕನೆಯ ತರಗತಿಯಲ್ಲೇ ಕಲಿತ ಹುಡುಗಿಗೆ ಇದು ಕೂಡಲೇ ಹೊಳೆಯುತ್ತದೆ. ಹೊಳೆಯದವನು ಅಕ್ಷರ ಎಣಿಸುವುದರಲ್ಲೂ, ಪದವನ್ನು ಕತ್ತರಿಸುವುದರಲ್ಲೂ ಎಡವುತ್ತಾನೆ. ಇಂಗ್ಲಿಷಿನ ಅಳತೆಗೆ ಸಾಲುಗಳ ಅಂತರವನ್ನಿಟ್ಟು, ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿದ ಪುಟಗಳನ್ನು ತಾವೂ ಕಂಡಿರಬಹುದು. ಅದನ್ನು ನೋಡಿ ನೋಯುವ ಕಣ್ಣು ಬೇಕಾದರೆ ಆ ಕಣ್ಣು ಕನ್ನಡ ಓದಿರಬೇಕು.

ನಮ್ಮ ಸಂಘದ ಮನೆಯೊಳಗಿನ ವಿಷಯವನ್ನೂ ಹೇಳಬೇಕಾಗಿದೆ. ಹಿಂದಿನ ಸ್ಮರಣ ಸಂಚಿಕೆಗಳನ್ನು ಹಳೆಯ ಫಾಂಟುಗಳಲ್ಲಿ ಜೋಡಿಸಿ ಅಚ್ಚುಹಾಕಿಸಿದ್ದೇವೆ. ಆ ಕಡತಗಳನ್ನು ಇಂದು ತೆರೆದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಲಿಪಿಯ ಗೋಜಲು. ಆ ಫಾಂಟುಗಳು ಅಕ್ಷರದ ರೂಪವನ್ನು ಇಟ್ಟುಕೊಂಡಿದ್ದುವೇ ಹೊರತು ಧ್ವನಿಯನ್ನಲ್ಲ. ‘ಧರ್ಮ’ ಎಂಬಲ್ಲಿ ರಕಾರವನ್ನು ನಾವು ಉಚ್ಚರಿಸುವುದು ಮಕಾರಕ್ಕೆ ಮೊದಲು, ಅರ್ಕಾವತ್ತನ್ನು ಬರೆಯುವುದು ಮಕಾರದ ನಂತರ. ಹಳೆಯ ಫಾಂಟು ಬರೆವಣಿಗೆಯ ಕ್ರಮವನ್ನು ಹಿಡಿಯಿತು, ಯುನಿಕೋಡು ಉಚ್ಚಾರಣೆಯ ಕ್ರಮವನ್ನು ಹಿಡಿಯಿತು. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಉಪಕರಣಗಳನ್ನು ಹವ್ಯಾಸಿಗಳೇ ಮಾಡಿ ಹಂಚಿದ್ದಾರೆ. ಮೇಲೆ ಹೇಳಿದ ನನ್ನ ವಿದ್ಯಾರ್ಥಿಯು ಅಂತಹುದೊಂದನ್ನು ನಮ್ಮ ಫಾಂಟಿಗೆ ಹೊಂದುವಂತೆ ತಿದ್ದಿ, ಭಾನುವಾರಗಳಲ್ಲಿ ಕುಳಿತು ಎರಡು ಸಂಚಿಕೆಗಳನ್ನು ಉಳಿಸಿಕೊಟ್ಟಿದ್ದಾನೆ. ನಮ್ಮ ಹೈಸ್ಕೂಲಿನ ಮಕ್ಕಳು ಕರಡು ತಿದ್ದಿದರು. ತೀರಿಹೋದ ನಮ್ಮ ಹಿರಿಯರ ಲೇಖನಗಳು ಈಗ ಹುಡುಕಿದರೆ ಸಿಕ್ಕುತ್ತವೆ. ಉಳಿದ ಸಂಚಿಕೆಗಳು ಇನ್ನೂ ಕಾದಿವೆ.

ಆದರೆ ಒಬ್ಬನ ಬಿಡುವನ್ನೇ ನಂಬಿದ ಕೆಲಸವು ಅವನ ಬಿಡುವು ತೀರಿದಾಗ ನಿಲ್ಲುತ್ತದೆ. ಅವನಿಗೆ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ದೂರದೇಶಕ್ಕೆ ಹೋಗಬೇಕಾಗುತ್ತದೆ. ಜಾಲತಾಣದ ಹೆಸರಿಗೆ ಕಾಲಕಾಲಕ್ಕೆ ಬಾಡಿಗೆ ಕಟ್ಟಬೇಕು. ಮರೆತರೆ ಹೆಸರು ಕೈಬಿಟ್ಟುಹೋಗುತ್ತದೆ, ಅದರೊಡನೆ ವರ್ಷಗಳ ಶ್ರಮವೂ ಕಣ್ಮರೆಯಾಗುತ್ತದೆ. ದೇವಸ್ಥಾನದ ದೀಪಕ್ಕೆ ಎಣ್ಣೆಯ ವ್ಯವಸ್ಥೆ ಮಾಡುವ ಊರು, ನುಡಿಯ ದೀಪಕ್ಕೆ ಎಣ್ಣೆ ಒದಗಿಸುವುದನ್ನು ಒಬ್ಬ ಹುಡುಗನ ಜೇಬಿಗೆ ಬಿಡುವುದು ಧರ್ಮವಲ್ಲ. ಆದುದರಿಂದ ಸಂಘಕ್ಕೆ ಮೂರು ವಿನಂತಿಗಳನ್ನು ಮಾಡುತ್ತೇನೆ.

ಒಂದು: ಹೆಸರಿನ ಮತ್ತು ಸರ್ವರಿನ ಬಾಡಿಗೆಯನ್ನು ಸಂಘದ ಆಯವ್ಯಯದಲ್ಲಿ ಸೇರಿಸಿ, ಅದರ ಗುಪ್ತಪದಗಳು ಯಾವಾಗಲೂ ಇಬ್ಬರ ವಶದಲ್ಲಿರುವಂತೆ ನೋಡಿಕೊಳ್ಳಬೇಕು. ಎರಡು: ಪ್ರೀತಿಯಿಂದ ಮಾಡಿದ್ದನ್ನು ಪ್ರೀತಿಯಿಂದ ಸ್ವೀಕರಿಸೋಣ, ಆದರೆ ಹಗಲಿನ ದುಡಿಮೆಯಷ್ಟು ಕೆಲಸವನ್ನು ಹೇಳುವಾಗ ಸಂಭಾವನೆಯನ್ನು ಕೊಡೋಣ. ಮೂರು: ಅಲರ್ ಮತ್ತು ಓಳಂ ನಿಂತಿರುವ ‘ಡಿಕ್ಟ್‌ಪ್ರೆಸ್’ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದರ ಮೇಲೆ ಕಾಸರಗೋಡಿನ ಕನ್ನಡದ ಪದಕೋಶವೊಂದನ್ನು ಕಟ್ಟೋಣ. ‘ಸುರಂಗ’ವೆಂದರೆ ಬೇರೆಡೆಯವರಿಗೆ ಬೆಟ್ಟ ಕೊರೆದ ದಾರಿ, ನಮಗೆ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ತಾಯಿ. ತೋಟದ, ಗದ್ದೆಯ, ಅಡುಗೆಮನೆಯ ಇಂತಹ ಮಾತುಗಳು ಇಲ್ಲಿ ಕುಳಿತಿರುವ ಅಜ್ಜ ಅಜ್ಜಿಯಂದಿರ ನಾಲಗೆಯ ಮೇಲಿವೆ. ಅವರು ಹೇಳಲಿ, ಶಾಲೆಯ ಮಕ್ಕಳು ಬರೆದುಕೊಳ್ಳಲಿ, ಪಂಡಿತರು ತಿದ್ದಲಿ, ಬೆಂಗಳೂರಿನ ಮಕ್ಕಳು ತಾಣಕ್ಕೇರಿಸಲಿ. ಈ ನಾಲ್ವರಲ್ಲಿ ಯಾರೊಬ್ಬರಿಲ್ಲದಿದ್ದರೂ ಕೆಲಸ ಸಾಗದು.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಗೆರೆಯಾಯಿತು; ನಾವು ಈಚೆಗೆ ಉಳಿದೆವು. ಜಾಲತಾಣಕ್ಕೆ ಆ ಗೆರೆಯಿಲ್ಲ. ಮಂಜೇಶ್ವರದಲ್ಲಿ ಕುಳಿತು ಬರೆದದ್ದನ್ನು ಬೀದರಿನ ಮಗು ಅದೇ ಕ್ಷಣದಲ್ಲಿ ಓದಬಹುದು. ಆದರೆ ಬರೆಯುವವರು, ಬರೆದುದನ್ನು ಕಾಯುವವರು ನಾವೇ ಆಗಬೇಕು. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಮೊದಲ ಸಾವಿರ ಪದಗಳನ್ನು ತಮ್ಮೆದುರು ತೆರೆದು ತೋರಿಸುವ ಭಾಗ್ಯ ನಮ್ಮ ವಿದ್ಯಾರ್ಥಿಗಳಿಗೆ ಒದಗಲಿ ಎಂದು ಹಾರೈಸುತ್ತೇನೆ.