ಮಿಸ್, ಆ 0.01 ಡಿಗ್ರಿ ಎಲ್ಲಿ ಹೋಯ್ತು?

ಇವತ್ತು ಗಣಿತದ ಕ್ಲಾಸ್ ಬಗ್ಗೆ ಮಾತಾಡೋಣ. ಹೆದರಿ ಸ್ಕಿಪ್ ಮಾಡಬೇಡಿ, ಹೋಂವರ್ಕ್ ಕೊಡಲ್ಲ.

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರ್ ಒಬ್ಬರ ಜೊತೆ ಮೊನ್ನೆ ತುಂಬಾ ಹೊತ್ತು ಮಾತಾಡಿದೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಮೇಡಂ ಅಂತಲೇ ಕರೀತೀನಿ. ಅವರ ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಇದೆ, ಕೆಲವು ಕಂಪ್ಯೂಟರ್ ಇವೆ. ಮೇಡಂ ಅವನ್ನು ವಾರಕ್ಕೆ ಹೆಚ್ಚೆಂದರೆ ಒಂದು ಪೀರಿಯಡ್ ಬಳಸ್ತಾರೆ. ಯಾಕೆ ಇಷ್ಟು ಕಡಿಮೆ ಅಂತ ಕೇಳಿದೆ. "ಬೋರ್ಡ್ ಮೇಲೆ ಆಗೋ ಕೆಲಸಕ್ಕೆ ಪ್ರೊಜೆಕ್ಟರ್ ಯಾಕಪ್ಪಾ?" ಅಂದರು.

ಮೊದಲೆಲ್ಲ ಅವರು ವಿಡಿಯೊ ಹಾಕ್ತಿದ್ದರಂತೆ. ಮಕ್ಕಳು ಸದ್ದಿಲ್ಲದೆ ನೋಡೋರು, ಎಲ್ಲಾ ಅರ್ಥ ಆಯ್ತು ಅನ್ನೋರು. ಮಾರನೇ ದಿನ ಅದೇ ಲೆಕ್ಕ ಕೊಟ್ಟರೆ ಪೆನ್ನು ಮುಂದಕ್ಕೆ ಹೋಗ್ತಿರಲಿಲ್ಲ. ಅಡುಗೆ ರೀಲ್ಸ್ ನೋಡಿ ನಮಗೂ ಬಿರಿಯಾನಿ ಬರುತ್ತೆ ಅನ್ನಿಸುತ್ತಲ್ಲ, ಥೇಟ್ ಹಾಗೆ.

ಈಗ ಅವರು ಹೆಚ್ಚು ಬಳಸೋದು ಜಿಯೊಜಿಬ್ರಾ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನೋರು 2001ರಲ್ಲಿ ಶುರು ಮಾಡಿದ ಸಾಫ್ಟ್‌ವೇರ್. ಜಿಯೊಮೆಟ್ರಿ ಮತ್ತು ಆಲ್ಜಿಬ್ರಾ ಸೇರಿ ಆ ಹೆಸರು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ನೆಟ್ ಇಲ್ಲದೆಯೂ ನಡೆಯುತ್ತೆ, ದುಡ್ಡು ಕೊಡಬೇಕಾಗಿಲ್ಲ. ನಮ್ಮ ಹಳ್ಳಿ ಶಾಲೆಗಳಿಗೆ ಈ ಎರಡು ಗುಣ ಸಾಕು.

ತ್ರಿಭುಜದ ಮೂರು ಕೋನ ಕೂಡಿದರೆ 180 ಡಿಗ್ರಿ. ಇದು ಎಲ್ಲರಿಗೂ ಬಾಯಿಪಾಠ. ಮೇಡಂ ಮೊದಲು ಪ್ರತಿಯೊಬ್ಬರ ಕೈಲೂ ಕಾಗದದ ಮೇಲೆ ಒಂದು ತ್ರಿಭುಜ ಬರೆಸಿ, ಕೋನಮಾಪಕ ಇಟ್ಟು ಅಳೆಸ್ತಾರೆ. ಒಬ್ಬನಿಗೆ 178 ಬರುತ್ತೆ, ಇನ್ನೊಬ್ಬಳಿಗೆ 182. ಆಮೇಲೆ ಸ್ಕ್ರೀನ್. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನ ಬದಲಾಗ್ತಾ ಹೋಗುತ್ತೆ. ಒಂದೇ ನಿಮಿಷದಲ್ಲಿ ನೂರಾರು ತ್ರಿಭುಜ. ಇದನ್ನ ಚಾಕ್‌ಪೀಸ್ ಮಾಡೋಕಾಗಲ್ಲ ನೋಡಿ.

ಒಂದು ಸಲ ಸ್ಕ್ರೀನ್ ಮೇಲೆ ಮೂರು ಕೋನ ಹೀಗೆ ಬಂತು: 47.12, 61.23, 71.64. ಹಿಂದಿನ ಬೆಂಚಿನ ಹುಡುಗಿ ಒಬ್ಬಳು ಕೂಡಿಸಿ ನೋಡಿದಳು. 179.99! "ಮಿಸ್, ಆ 0.01 ಡಿಗ್ರಿ ಎಲ್ಲಿ ಹೋಯ್ತು?"

ಅದು ತಪ್ಪಲ್ಲ. ಕಂಪ್ಯೂಟರ್ ಪ್ರತಿ ಕೋನವನ್ನೂ ಎರಡು ದಶಮಾಂಶ ಸ್ಥಾನಕ್ಕೆ ಅಂದಾಜು ಮಾಡಿ ತೋರಿಸಿದೆ, ಉಳಿದ ಚೂರು ಕಣ್ಣಿಗೆ ಕಾಣ್ತಿಲ್ಲ. ಆದರೆ ಮೇಡಂ ತಕ್ಷಣ ಉತ್ತರ ಹೇಳಲಿಲ್ಲ. "ಹಂಗಾದ್ರೆ ಸ್ಕ್ರೀನ್ ನಂಬೋದಾ, ಪುಸ್ತಕ ನಂಬೋದಾ?" ಅಂತ ಕೇಳಿ ಪ್ರೊಜೆಕ್ಟರ್ ಆಫ್ ಮಾಡಿದರು. ಬೋರ್ಡ್ ಮೇಲೆ ತ್ರಿಭುಜದ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರು. ಪಾದದ ಎರಡು ಕೋನಗಳಿಗೆ ಸಮನಾದ ಪರ್ಯಾಯ ಕೋನಗಳು ಮೇಲೆ, ಶೃಂಗದ ಕೋನದ ಆಚೆ ಈಚೆ ಬಂದು ಕೂತವು. ಮೂರೂ ಸೇರಿ ಒಂದು ಸರಳ ಗೆರೆ. ಅಳತೆಯೇ ಬೇಕಿಲ್ಲ. "ಸಾಧನೆ ಯಾಕೆ ಬೇಕು ಅಂತ ಎಷ್ಟೋ ವರ್ಷದಿಂದ ಹೇಳ್ತಿದ್ದೆ, ಅವತ್ತು ಅವರೇ ಕೇಳಿದರು" ಅಂದರು ಮೇಡಂ.

ಎಂಟನೇ ಕ್ಲಾಸಿನ ಚಕ್ರಬಡ್ಡಿಗೆ ಮಾತ್ರ ಅವರು ಸ್ಪ್ರೆಡ್‌ಶೀಟ್ ತೆಗೀತಾರೆ. 10,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ, ಕಟ್ಟದ ಬಡ್ಡಿ ಅಸಲಿಗೆ ಸೇರುತ್ತೆ. ಮೊದಲ ಮೂರು ತಿಂಗಳು ಕೈಲೇ ಮಾಡಬೇಕು: 10,300, ಆಮೇಲೆ 10,609, ಆಮೇಲೆ 10,927. ಕೈ ನೋವು ಬಂದ ಮೇಲೆ ಶೀಟಿನಲ್ಲಿ ಸೂತ್ರ ಹಾಕಿ ಕೆಳಕ್ಕೆ ಎಳೀತಾರೆ. ಹನ್ನೆರಡನೇ ತಿಂಗಳಿಗೆ 14,258. ಇಪ್ಪತ್ನಾಲ್ಕಕ್ಕೆ 20,328, ಅಂದರೆ ಡಬಲ್‌ಗಿಂತ ಜಾಸ್ತಿ. ಸರಳಬಡ್ಡಿ ಆಗಿದ್ದರೆ 17,200. ನಾನು ಬಿಕಾಂ ಓದಿದವನು, ಸೂತ್ರ ಬರೆದು ಬರೆದು ಮಾರ್ಕ್ಸ್ ತಗೊಂಡವನು. ಆ ಕಾಲಂ ಹೇಗೆ ಊದಿಕೊಳ್ಳುತ್ತೆ ಅಂತ ನನಗೆ ಯಾರೂ ಎಳೆದು ತೋರಿಸಿರಲಿಲ್ಲ. ಫೋನಿನಲ್ಲಿ ದಿನಾ ಸಾಲದ ಆ್ಯಪ್ ಜಾಹೀರಾತು ಬರೋ ನಮ್ಮ ವಯಸ್ಸಿನವರಿಗೆ ಇದಕ್ಕಿಂತ ಉಪಯೋಗದ ಪಾಠ ಇನ್ನೊಂದಿದೆ ಅಂತ ನನಗನ್ನಿಸಲ್ಲ.

ಫೋಟೊ ತೆಗೆದರೆ ಉತ್ತರ ಕೊಡೋ ಆ್ಯಪ್‌ಗಳ ಕತೆ ಏನು? ಮೇಡಂ ಅವನ್ನು ಬೈಯಲ್ಲ, ಕ್ಲಾಸಿಗೇ ತರ್ತಾರೆ. ಎಕ್ಸ್ ವರ್ಗ ಸಮ 5 ಎಕ್ಸ್, ಬಿಡಿಸಿ ಅಂತಾರೆ. ಅರ್ಧ ಕ್ಲಾಸ್ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ 5 ಅಂತ ಬರೆಯುತ್ತೆ. ಆ್ಯಪ್ 0 ಮತ್ತು 5 ಅನ್ನುತ್ತೆ. ನಿಮ್ಮ ಸೊನ್ನೆಯನ್ನು ಯಾರು ಕದ್ದರು? ಎಕ್ಸ್ ಸೊನ್ನೆಯೇ ಆಗಿದ್ದರೆ ಅದರಿಂದ ಭಾಗಿಸೋ ಹಾಗಿಲ್ಲ ಅನ್ನೋದು ಹೊಳೆಯೋವರೆಗೂ ಅವರು ಕಾಯ್ತಾರೆ. ಕೆಲವೊಮ್ಮೆ ಪೀರಿಯಡ್ಡೇ ಮುಗಿದುಹೋಗುತ್ತಂತೆ. ಪೋರ್ಷನ್ ಹಿಂದೆ ಬೀಳುತ್ತೆ, ಸ್ಟಾಫ್ ರೂಮಿನಲ್ಲಿ ಮಾತು ಕೇಳಬೇಕಾಗುತ್ತೆ.

ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಫೋನ್ ಬೇಕಾಗೋ ಹೋಂವರ್ಕ್ ಅವರು ಕೊಡೋದೇ ಇಲ್ಲ. ಎಷ್ಟೋ ಮನೆಗಳಲ್ಲಿ ಇರೋದು ಒಂದೇ ಫೋನ್, ಅದು ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿಯೇ ವಾಪಸ್. ಅಣ್ಣನಿಗೂ ತಂಗಿಗೂ ಒಟ್ಟಿಗೆ ಬೇಕಾದಾಗ ಅದು ಯಾರ ಕೈಗೆ ಹೋಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹಾಗಾಗಿ ಮನೆಗೆ ಪೆನ್ನು ಕಾಗದದ ಲೆಕ್ಕ, ಸ್ಕ್ರೀನ್ ಶಾಲೆಯಲ್ಲಿ. ಎಳೆಯೋ ಮೌಸ್ ಕೂಡ ರೋಲ್ ನಂಬರ್ ಪ್ರಕಾರ ಕೈ ಬದಲಾಗುತ್ತೆ.

ನಿಮ್ಮ ಗಣಿತದ ಕ್ಲಾಸಿನಲ್ಲಿ ಸ್ಕ್ರೀನ್ ಏನು ಮಾಡ್ತಿತ್ತು? ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ.