ಕೂಡುಮನೆಯ ನೀರೊಲೆ



ಪುಷ್ಯಮಾಸದ ಬೆಳಗಿನಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮೊದಲ ಹೊಗೆ ಏಳುವುದು ಬಚ್ಚಲಮನೆಯಿಂದ. ಅತ್ತೆ, ಮಾವ, ಮೂವರು ಸೊಸೆಯಂದಿರು, ಶಾಲೆಯ ಮಕ್ಕಳು ಎಂದು ಹತ್ತು ಜನರಿರುವ ಕೂಡುಮನೆಯಲ್ಲಿ ಹಂಡೆ ಒಂದೇ, ಬೆಂಕಿಯೂ ಒಂದೇ. ಶೀತದೇಶಗಳಲ್ಲಿ ಒಂದೇ ಬಾಯ್ಲರ್ ಮನೆಯ ಎಲ್ಲ ಕೋಣೆಗಳನ್ನೂ ಬೆಚ್ಚಗಿಡುತ್ತದೆ. ಹಲವರು ಕೂಡಿ ವಾಸಿಸುವೆಡೆ ಅದರ ಬಿಲ್ಲನ್ನು ಯಾರು ಎಷ್ಟು ಕೊಡಬೇಕೆಂಬ ತಕರಾರೂ ಹುಟ್ಟುತ್ತದೆ. ಇಲ್ಲಿ ಆ ತಕರಾರಿಲ್ಲ, ಕಟ್ಟಿಗೆಗೆ ಬಿಲ್ಲು ಬರುವುದಿಲ್ಲವಲ್ಲ! ಹೊರೆ ಹೊತ್ತು ತರುವವಳ ಕುತ್ತಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕ ಕಠಿಣವೇನಲ್ಲ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ಒಬ್ಬರಿಗೆ 20 ಲೀಟರಿನಂತೆ ಹತ್ತು ಜನರ ಜಳಕಕ್ಕೆ 200 ಲೀಟರ್. ಅದನ್ನು 20 ಡಿಗ್ರಿಯಿಂದ 42ಕ್ಕೆ ಏರಿಸಲು 4,400 ಕಿಲೊಕ್ಯಾಲೊರಿ. ಚೆನ್ನಾಗಿ ಒಣಗಿದ ಒಂದು ಕಿಲೊ ಕಟ್ಟಿಗೆಯಲ್ಲಿ ಸುಮಾರು 4,000 ಕಿಲೊಕ್ಯಾಲೊರಿ ಇರುತ್ತದೆ. ಅಂದರೆ ಒಂದು ಕಿಲೊ ಚಿಲ್ಲರೆ ಕಟ್ಟಿಗೆ ಸಾಕಾಗಬೇಕಿತ್ತು. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಶಾಖದ ಹತ್ತನೆಯ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ, ಕಣ್ಣಿಗೆ. ಆದ್ದರಿಂದ ದಿನಕ್ಕೆ 11 ಕಿಲೊ, ತಿಂಗಳಿಗೆ 330 ಕಿಲೊ ಉರಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಯು ಪರೀಕ್ಷೆಗಳಲ್ಲಿ ಶೇಕಡಾ 30ಕ್ಕೂ ಹೆಚ್ಚು ದಕ್ಷತೆ ತೋರಿಸಿತು. ಅದರಲ್ಲಿ ಮಾಯೆ ಏನೂ ಇಲ್ಲ. ಬೆಂಕಿಗೆ ಕೆಳಗಿನಿಂದ ಗಾಳಿ ಕೊಡುವ ಕಬ್ಬಿಣದ ಜಾಲರಿ, ಮುಚ್ಚಿದ ಒಲೆಬಾಯಿ, ಹೊಗೆಕೊಳವೆ, ಪಾತ್ರೆಗೆ ಸರಿಯಾಗಿ ಕೂಡುವ ಅಂಚು, ಇಷ್ಟೆ. ಈ ತತ್ತ್ವದಂತೆ ನೀರೊಲೆಯನ್ನು ಕಟ್ಟಿ, ಅದರ ಅರ್ಧದಷ್ಟು ಫಲ ದೊರೆತರೂ ಹೊರೆಯ ಮೂರನೆಯ ಒಂದು ಭಾಗ ಇಳಿಯುತ್ತದೆ. ಹಂಡೆಯ ತಳದ ಮಸಿಯನ್ನು ಆಗಾಗ ಕೆರೆಯಬೇಕು, ಬಾಯಿಗೆ ಮುಚ್ಚಳ ಬೇಕು. ಹಸಿ ಕಟ್ಟಿಗೆಯನ್ನಂತೂ ಹಚ್ಚಲೇಬಾರದು. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅದರ ಪ್ರತಿ ಕಿಲೊವನ್ನು ಆವಿ ಮಾಡಲು 600 ಕಿಲೊಕ್ಯಾಲೊರಿಗೂ ಹೆಚ್ಚು ಶಾಖ ವ್ಯರ್ಥ. ಹತ್ತಿಕಟ್ಟಿಗೆ, ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಹೊಲದಲ್ಲೇ ಸುಟ್ಟುಹೋಗುವ ಬದಲು ಮಳೆಗಾಲಕ್ಕೆ ಮುಂಚೆ ಮಾಡಿನಡಿ ಸೇರಲಿ.

ಕಟ್ಟಿಗೆ ಎಲ್ಲಿಯದು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಗೋಮಾಳ, ಬೆಟ್ಟದ ಅಂಚಿನ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿ ಸ್ಥಾಪನೆಯಾದಾಗ, 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು, ಜನರಿಗೆ ಉಪಯೋಗವಾಗುವ ಗಿಡ ನೆಟ್ಟರು. ಕಂಪನಿ 1991ರಲ್ಲಿ ಮುಚ್ಚಿತು. ಹಾಗೆ ಉಳಿಸಿಕೊಂಡ ನೆಲದ ಸೌದೆ ತೆರೆದ ಒಲೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೊಗೆಯಾಗಿ ಹೋಗುತ್ತಿದೆ ಎಂಬುದು ನೋವಿನ ಮಾತು.

ಒಲೆ ಬಿಟ್ಟವರ ಲೆಕ್ಕವೂ ಸುಲಭವಾಗಿಲ್ಲ. ಇಷ್ಟೇ ನೀರನ್ನು ಅಡುಗೆಯ ಗ್ಯಾಸಿನಲ್ಲಿ ಕಾಯಿಸಿದರೆ 14.2 ಕಿಲೊದ ಸಿಲಿಂಡರ್ ಮೂರು ವಾರದಲ್ಲಿ ಬರಿದು. ಗೀಜರಿಗೆ ದಿನಕ್ಕೆ ಐದು ಯೂನಿಟ್, ತಿಂಗಳಿಗೆ ನೂರೈವತ್ತಕ್ಕೂ ಹೆಚ್ಚು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ತೆರಬೇಕು. ಒಂದೇ ಮೀಟರಿನ ಕೂಡುಮನೆ, ಐದಾರು ವಿದ್ಯಾರ್ಥಿಗಳು ಸೇರಿ ಹಿಡಿದ ಬಾಡಿಗೆಮನೆ, ಎರಡೂ ಈ ಗೆರೆಯನ್ನು ಗೊತ್ತಾಗದಂತೆ ದಾಟುತ್ತವೆ. ಬಿಸಿಲುನೀರಿನ ಯಂತ್ರ ಸವಣೂರಿನ ಬಯಲಿಗೆ ಚೆನ್ನ. ಹಾನಗಲ್ಲಿನ ಮಳೆಗಾಲದಲ್ಲಿ ಹಂಡೆ ಜೊತೆಗಿರಲೇಬೇಕು.

ಖರ್ಚಿಲ್ಲದ ಉಪಾಯವೊಂದಿದೆ, ಆದರೆ ಅದೇ ಎಲ್ಲಕ್ಕಿಂತ ಕಷ್ಟದ್ದು: ಎಲ್ಲರೂ ಒಬ್ಬರ ಹಿಂದೊಬ್ಬರು ಜಳಕ ಮುಗಿಸುವುದು. ಹಿರಿಯರು ಐದೂವರೆಗೆ, ಕಿರಿಯ ಮಗ ಹತ್ತಕ್ಕೆ ಎಂದಾದರೆ ನಡುವಿನ ನಾಲ್ಕೂವರೆ ತಾಸು ಯಾರಿಗೂ ಬೇಡದ ಬೆಂಕಿ ಉರಿಯುತ್ತಿರುತ್ತದೆ. ತಡವಾಗಿ ಏಳುವವನು ತನ್ನ ನೀರಿನ ಕಟ್ಟಿಗೆಯನ್ನು ತಾನೇ ಸೀಳಲಿ ಎಂಬ ಕಟ್ಟುಪಾಡನ್ನು ಮನೆಯ ಯಜಮಾನ ಮಾಡಬಹುದು. ಕೊನೆಯ ಜಳಕದ ನಂತರ ಹಂಡೆಯನ್ನು ತುಂಬಿಸಿ ಮುಚ್ಚಿಟ್ಟರೆ ಕೆಂಡದ ಕಾವಿನಲ್ಲೇ ಪಾತ್ರೆ ತೊಳೆಯುವ ನೀರು ಬೆಚ್ಚಗಾಗುತ್ತದೆ.

ಹತ್ತಿ ತೂಗುವ ತಕ್ಕಡಿ ಅನೇಕ ಮನೆಗಳಲ್ಲಿದೆ. ಈ ವಾರ ನೀರೊಲೆಗೆ ಹೋಗುವ ಕಟ್ಟಿಗೆಯನ್ನು ಅದರಲ್ಲಿ ತೂಗಿ, ದಿನದಿನದ ತೂಕವನ್ನು ಬಚ್ಚಲಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಆ ಕೆಲಸ ಒಪ್ಪಿಸಬಹುದು. ತೂಗುವ ಮುನ್ನ ಹೊರೆಯನ್ನು ಗಂಡಸರೊಮ್ಮೆ ಎತ್ತಿ ನೋಡಲಿ.