ವಿಧವೆಯ ಸಹಿ



ಶಿವಮೊಗ್ಗದಲ್ಲಾಗಲಿ, ಕಾಗದ ಕಾರ್ಖಾನೆ ನಿಂತುಹೋದ ಭದ್ರಾವತಿಯಲ್ಲಾಗಲಿ, ಕೈಸಾಲದಿಂದಲೇ ಸಂಸಾರ ತೂಗಿಸಿದವರನ್ನು ನಾವು ಬಲ್ಲೆವು. ಅಂಥವರು ಹಠಾತ್ತನೆ ತೀರಿಕೊಂಡಾಗ, ಆ ಸಾಲದ ಸುಳಿವೇ ಇಲ್ಲದ ಪತ್ನಿ ಮರ್ಯಾದೆಗೆ ಅಂಜಿ ಹೊಸ ಪತ್ರಕ್ಕೆ ಸಹಿ ಹಾಕುತ್ತಾಳೆ. ಮೃತರ ಸೊತ್ತಿನ ಮೇಲಿದ್ದ ಸಾಲ ಅಂದಿನಿಂದ ಆಕೆಯದಾಗುತ್ತದೆ! ಆಕೆ ಮೊದಲೇ ಜಂಟಿ ಸಾಲಗಾರಳೋ ಜಾಮೀನುದಾರಳೋ ಆಗಿರದಿದ್ದರೆ, ಮೃತರಿಂದ ಬಂದ ಆಸ್ತಿಯನ್ನು ಮೀರಿ ಆಕೆ ತೀರಿಸಬೇಕೆಂದು ಕಾನೂನು ಹೇಳುವುದಿಲ್ಲ.

ಸಾಲ ತೀರಿದ ಬಳಿಕವೇ ವಾರಸು ಹಂಚಿಕೆ ಎನ್ನುವ ಕುರ್‌ಆನ್ (4:11-12), ಸಾಲವನ್ನು ಬರೆದಿಡಲೂ ಆಜ್ಞಾಪಿಸುತ್ತದೆ (2:282). ಬರೆದದ್ದನ್ನೂ ಪತ್ನಿಯಿಂದ ಬಚ್ಚಿಡುವ ಗಂಡಸರು ನಾವು.

ರಾಜ್ಯದ 2025ರ ಕಿರುಸಾಲ ಕಾಯ್ದೆಯಂತೆ ಬಲವಂತದ ವಸೂಲಿ ಅಪರಾಧ. ಬೆದರಿಕೆ ಬಂದರೆ ಜಮಾಅತ್‌ನವರು ಆಕೆಯೊಂದಿಗೆ ಠಾಣೆಗೆ ಹೋಗಲಿ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಯಾರೂ ಆಕೆಯ ಸಹಿ ಕೇಳದಂತೆ ಮೊಹಲ್ಲಾದ ಹಿರಿಯರು ನೋಡಿಕೊಳ್ಳಲಿ.